ದಣಿದ ದನಿಯ ಆರೈಕೆ: ಕೋಲಾರ ಸೀಮೆಯ ಮಾತುಗಾರರು ಮತ್ತು ಧ್ವನಿವಿಜ್ಞಾನದ ಹೊಣೆ

ಸಾರಾಂಶ

ಧ್ವನಿತಂತುಗಳ ದಣಿವು ಮತ್ತು ಗಾಯಗಳನ್ನು ವೈದ್ಯಶಾಸ್ತ್ರದ ವಿಷಯವೆಂದು ಭಾಷಾವಿಜ್ಞಾನವು ಸಾಮಾನ್ಯವಾಗಿ ಬದಿಗಿರಿಸುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮಾತಿನ ಪರಿಸರವನ್ನು ಮುಂದಿಟ್ಟುಕೊಂಡು ಈ ಲೇಖನವು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ದಣಿದ ದನಿಯನ್ನು ಕಾಪಾಡುವ ಬಗೆ ಯಾವುದು? ಅಂಥ ದನಿಯಿಂದ ಪಡೆದ ಭಾಷಾಸಾಮಗ್ರಿಯನ್ನು ಓದಬೇಕಾದ ಬಗೆ ಯಾವುದು?

ಪ್ರಮುಖ ಪದಗಳು: ಧ್ವನಿತಂತು, ಹಕಾರ ಲೋಪ, ಮಹಾಪ್ರಾಣ, ದ್ವಿಭಾಷಿಕತೆ, ಕ್ಷೇತ್ರಕಾರ್ಯ

1. ಪ್ರಸ್ತಾವನೆ

ಕೋಲಾರದ ಕೃಷಿ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜು ಕೂಗುವವರು, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ದರ ಸಾರುವವರು, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದೂಳಿನ ನಡುವೆ ಮಾತನಾಡುವವರು, ಮುಳಬಾಗಿಲಿನ ಗಡಿಯ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಕನ್ನಡ ಕಲಿಸುವ ಶಿಕ್ಷಕರು, ರಾತ್ರಿಯಿಡೀ ಭಜನೆ ಹಾಡುವವರು: ಇವರೆಲ್ಲರೂ ದನಿಯಿಂದ ಬದುಕುವವರು, ಇಲ್ಲವೆ ದನಿಯನ್ನು ಬಹಳವಾಗಿ ದುಡಿಸುವವರು. ಉಪಭಾಷೆಯ ಅಧ್ಯಯನಕ್ಕೆ ನಾವು ಹುಡುಕಿಕೊಂಡು ಹೋಗುವ ಭಾಷಾಸಹಾಯಕರೂ ಹೆಚ್ಚಾಗಿ ಇವರೇ. ಊರಿನಲ್ಲಿ ಚೆನ್ನಾಗಿ ಮಾತನಾಡಬಲ್ಲವರು ಯಾರೆಂದು ಕೇಳಿದರೆ ಜನ ತೋರಿಸುವುದು ಇಂಥವರನ್ನು. ಆದರೆ ಧ್ವನಿಮುದ್ರಣಕ್ಕೆ ಕೂರುವ ಮೊದಲು ವಯಸ್ಸು, ಮನೆಮಾತು, ವಿದ್ಯಾಭ್ಯಾಸಗಳನ್ನು ಕೇಳುವ ನಾವು, ‘ಈ ದಿನ ನಿಮ್ಮ ಗಂಟಲು ಹೇಗಿದೆ?’ ಎಂದು ಕೇಳುವುದಿಲ್ಲ. ಈ ಲೋಪವು ನಮ್ಮದೂ ಹೌದೆಂದು ಒಪ್ಪಿಕೊಂಡೇ ಚರ್ಚೆಯನ್ನು ಆರಂಭಿಸುತ್ತೇವೆ.

2. ಆಡುನುಡಿಯಲ್ಲಿ ದನಿಯ ಕೇಡು

ಕನ್ನಡದ ‘ಗಂಟಲು’, ತೆಲುಗಿನ ‘ಗೊಂತು’ ಎರಡೂ ಅಂಗವನ್ನೂ ಅದರಿಂದ ಹೊಮ್ಮುವ ದನಿಯನ್ನೂ ಸೂಚಿಸುತ್ತವೆ. ‘ಗಂಟಲು ಕಟ್ಟಿದೆ’, ‘ಗಂಟಲು ಕೂತಿದೆ’, ‘ದನಿ ಬಿದ್ದಿದೆ’, ‘ದನಿ ಒಡೆದಿದೆ’ ಎಂಬ ಮಾತುಗಳು ಸಮಾನಾರ್ಥಕಗಳಂತೆ ತೋರಿದರೂ ಅವುಗಳ ಹಿಂದಿನ ಕಲ್ಪನೆಗಳು ಬೇರೆ. ಕಟ್ಟುವುದು ತಡೆಯನ್ನು ಹೇಳುತ್ತದೆ. ಬೀಳುವುದು ಬಲದ ಕುಸಿತವನ್ನು ಹೇಳುತ್ತದೆ. ಒಡೆಯುವುದು ನಾದದ ಅಖಂಡತೆ ಮುರಿದುದನ್ನು ಹೇಳುತ್ತದೆ. ಇವು ರೋಗನಿದಾನಗಳಲ್ಲ, ಆದರೆ ಉಪಯುಕ್ತ ಸುಳಿವುಗಳು. ವೈದ್ಯರ ಮುಂದೆ ಎಲ್ಲವೂ ‘ಗಂಟಲು ನೋವು’ ಎಂಬ ಒಂದೇ ಮಾತಿಗೆ ಇಳಿದಾಗ ಈ ಸುಳಿವುಗಳು ಕಳೆದುಹೋಗುತ್ತವೆ.

3. ತಂತುಗಳ ಕೆಲಸ ಮತ್ತು ಗಾಯದ ಬಗೆ

‘ತಂತು’ ಎಂಬ ಪಾರಿಭಾಷಿಕ ಪದವು ವೀಣೆಯ ತಂತಿಯನ್ನು ನೆನಪಿಸಿ ದಾರಿ ತಪ್ಪಿಸುತ್ತದೆ. ಇವು ಬಿಗಿದ ದಾರಗಳಲ್ಲ. ಧ್ವನಿಪೆಟ್ಟಿಗೆಯ ಎರಡು ಪಕ್ಕಗಳಿಂದ ಒಳಚಾಚಿದ ಮಡಿಕೆಗಳು. ಮಿನೊರು ಹಿರಾನೊ 1974ರಲ್ಲಿ ವಿವರಿಸಿದಂತೆ, ಒಳಗಿನ ಸ್ನಾಯುವಿನ ಮೇಲೆ ಮೃದುವಾದ ಹೊದಿಕೆಯೊಂದಿದ್ದು, ಶ್ವಾಸದ ಒತ್ತಡಕ್ಕೆ ಅದು ಅಲೆಯಂತೆ ಚಲಿಸುತ್ತದೆ. ಆ ಹೊದಿಕೆ ತೇವವಾಗಿ, ಸಡಿಲವಾಗಿ ಇರುವವರೆಗೆ ಕಡಿಮೆ ಒತ್ತಡದಲ್ಲಿಯೇ ನಾದ ಹುಟ್ಟುತ್ತದೆ. ಅದು ಬಾತಾಗ ಅದೇ ನಾದಕ್ಕೆ ಹೆಚ್ಚು ಒತ್ತಡ ಬೇಕಾಗುತ್ತದೆ. ಒತ್ತಡ ಹೆಚ್ಚಿದಂತೆ ಬಾವು ಹೆಚ್ಚುತ್ತದೆ. ದಣಿವು ಗಾಯವಾಗುವುದು ಈ ಸುತ್ತಿನಲ್ಲಿ.

ಶ್ರಮದ ಪ್ರಮಾಣವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಶಿಕ್ಷಕಿಯೊಬ್ಬರ ಮೂಲ ಆವರ್ತನ 210 ಹರ್ಟ್ಸ್ ಎಂದುಕೊಳ್ಳೋಣ. ಒಂದು ಗಂಟೆಯ ಪಾಠದಲ್ಲಿ 20 ನಿಮಿಷ ನಾದ ಹೊರಟರೆ ಮಡಿಕೆಗಳು 2,52,000 ಬಾರಿ ಒಂದಕ್ಕೊಂದು ತಾಗುತ್ತವೆ; ಇಂಥ ಐದು ಗಂಟೆಗಳಿಗೆ 12,60,000 ಬಾರಿ. ಗದ್ದಲದಲ್ಲಿ ದನಿ ತಾನಾಗಿ ಏರುತ್ತದೆ. 1911ರಲ್ಲಿ ಎಟಿಯೆನ್ ಲೊಂಬಾರ್ಡ್ ಗುರುತಿಸಿದ ಈ ಪ್ರವೃತ್ತಿಯು ತಾಗುವಿಕೆಯ ಸಂಖ್ಯೆಯನ್ನೂ ಬಲವನ್ನೂ ಒಟ್ಟಿಗೆ ಹೆಚ್ಚಿಸುತ್ತದೆ. ಪೆಟ್ಟು ಹೆಚ್ಚು ಬೀಳುವ, ಮಡಿಕೆಯ ಮುಂಭಾಗದ ಮೂರನೆಯ ಒಂದು ಅಂಶ ಮುಗಿಯುವ ಜಾಗದಲ್ಲಿಯೇ ಎರಡೂ ಕಡೆ ಗಂಟುಗಳು ಮೂಡುವುದು ಈ ಕಾರಣದಿಂದ. ಒಮ್ಮೆಗೇ ಕಿರುಚಿದಾಗ ರಕ್ತನಾಳ ಒಡೆದು ದನಿ ಥಟ್ಟನೆ ನಿಲ್ಲುವುದೂ ಉಂಟು.

4. ಗಾಯವೋ, ಉಪಭಾಷೆಯೋ?

ಗಂಟುಗಳಿರುವ ಮಡಿಕೆಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನಾದದೊಂದಿಗೆ ಉಸಿರು ಸೋರುತ್ತದೆ. ಭಾಷಾವಿಜ್ಞಾನಿಗೆ ತೊಡಕು ಇಲ್ಲಿದೆ. ದಕ್ಷಿಣ ಕರ್ನಾಟಕದ ಆಡುನುಡಿಯಲ್ಲಿ ಪದಾದಿಯ ಹಕಾರ ಲೋಪವಾಗುವುದು, ‘ಹಕ್ಕಿ’ ಮತ್ತು ‘ಅಕ್ಕಿ’ ಒಂದಾಗುವುದು ಸುಪರಿಚಿತ. ಅದಕ್ಕೆ ಪ್ರತಿಯಾಗಿ, ಇಲ್ಲದ ಕಡೆ ಹಕಾರ ಸೇರಿಸುವ ಅತಿತಿದ್ದುಗೆಯೂ ಉಂಟು. ಉಸಿರು ಸೋರುವ ದನಿಯಲ್ಲಿ ‘ಅಕ್ಕಿ’ ಎಂದಾಗ ಸ್ವರದ ಆರಂಭವು ಕೇಳುವವನ ಕಿವಿಗೆ ಹಕಾರದಂತೆ ತೋರಬಹುದು. ಅದನ್ನು ಅತಿತಿದ್ದುಗೆಯೆಂದು ಎಣಿಸಿದರೆ, ಗಾಯವೊಂದನ್ನು ಸಾಮಾಜಿಕ ಲಕ್ಷಣವೆಂದು ನಾವು ದಾಖಲಿಸಿದಂತಾಗುತ್ತದೆ.

ಮಹಾಪ್ರಾಣಗಳ ವಿಷಯವೂ ಹಾಗೆಯೇ. ಘ, ಧ, ಭಗಳ ಬಿಡುಗಡೆಯಲ್ಲಿ ಉಸಿರುಬೆರೆತ ನಾದವಿರುತ್ತದೆ. ಅದನ್ನು ಅಳೆಯಲು ಬಳಸುವ, ಮೊದಲೆರಡು ಹಾರ್ಮೋನಿಕ್‌ಗಳ ತೀವ್ರತೆಯ ಅಂತರವು ಸೋರುವ ದನಿಯಲ್ಲಿ ಎಲ್ಲ ಸ್ವರಗಳಲ್ಲಿಯೂ ಹೆಚ್ಚಾಗಬಹುದು. ಬಿಗಿಹಿಡಿದ ದನಿಯಲ್ಲಿ ಎಲ್ಲೆಡೆಯೂ ಕುಗ್ಗಬಹುದು. ಆದುದರಿಂದ ಒಬ್ಬ ಮಾತುಗಾರನ ಮಹಾಪ್ರಾಣವನ್ನು ಅದೇ ಮಾತುಗಾರನ ಅಲ್ಪಪ್ರಾಣದೊಂದಿಗೆ, ಅದೇ ಕೂಟದಲ್ಲಿ ಹೋಲಿಸದೆ ಯಾವ ತೀರ್ಮಾನಕ್ಕೂ ಬರಲಾಗದು.

ಉಚ್ಚಾರಣೆಯನ್ನು ತಿದ್ದುವ ಕ್ರಮವೂ ದನಿಯನ್ನು ತಾಗುತ್ತದೆ. ಆಡುನುಡಿಯಲ್ಲಿ ‘ಎಲೆ’ಯು ‘ಯೆಲೆ’ಯಾಗಿ, ‘ಒಂದು’ ‘ವೊಂದು’ ಆಗಿ ಕೇಳಿಸುತ್ತದೆ. ಈ ಅರ್ಧಸ್ವರವು ನಾದವನ್ನು ಮೆಲ್ಲನೆ ಆರಂಭಿಸಲು ಎಡೆಮಾಡಿಕೊಡುತ್ತದೆ. ಅದನ್ನು ತಪ್ಪೆಂದು ತೋರಿಸಲು ಶಿಕ್ಷಕರು ‘ಎಲೆ’ ಎಂದು ಬಲವಾಗಿ ಒತ್ತಿ ಹೇಳುವಾಗ, ಮುಚ್ಚಿದ ಮಡಿಕೆಗಳನ್ನು ಶ್ವಾಸವು ಸಿಡಿಸಿ ತೆರೆಯುತ್ತದೆ. ಇಂಥ ಗಡುಸು ಆರಂಭವು ದಿನವಿಡೀ ನಡೆದರೆ ಮಡಿಕೆಗಳಿಗೆ ಹಿತವಲ್ಲ. ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ಕೂಗಬೇಕಾಗಿಲ್ಲ.

5. ಆರೈಕೆ

ಮೊದಲನೆಯದು ವಿಶ್ರಾಂತಿ. ದನಿ ಬಿದ್ದಾಗ ಒತ್ತಿ ಪಿಸುಗುಟ್ಟುವುದು ವಿಶ್ರಾಂತಿಯಲ್ಲ. ಅದು ಅನೇಕರಲ್ಲಿ ಧ್ವನಿಪೆಟ್ಟಿಗೆಯ ಬಿಗಿತವನ್ನು ಹೆಚ್ಚಿಸುತ್ತದೆ. ಕಡಿಮೆ ಮಾತು, ಹತ್ತಿರದಿಂದ ಆಡುವ ಮೆಲುಮಾತು ಮೇಲು. ಮೇಲಿಂದ ಮೇಲೆ ಗಂಟಲು ಸರಿಮಾಡಿಕೊಳ್ಳುವ ಬದಲು ಒಂದು ಗುಟುಕು ನೀರು ಕುಡಿಯಬೇಕು.

ಎರಡನೆಯದು ತೇವ. ಮೆಣಸಿನ ಕಷಾಯ, ಶುಂಠಿ, ಜೇನು, ಜೇಷ್ಠಮಧು ನಮ್ಮ ಮನೆಗಳ ರೂಢಿ. ಇವು ಗಂಟಲಿನ ಕೆರೆತವನ್ನು ಶಮನ ಮಾಡಬಹುದು, ಆದರೆ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ತಂತುಗಳಿರುವುದು ಶ್ವಾಸಮಾರ್ಗದಲ್ಲಿ. ಜೇಷ್ಠಮಧುವನ್ನು ಅತಿಯಾಗಿ ಸೇವಿಸಿದರೆ ರಕ್ತದೊತ್ತಡ ಏರಬಹುದು. ಮಡಿಕೆಗಳನ್ನು ನೇರವಾಗಿ ತಲುಪುವುದು ಉಸಿರಿನೊಂದಿಗೆ ಹೋಗುವ ಬರಿಯ ನೀರಿನ ಹಬೆ. ದಿನವಿಡೀ ಕುಡಿದ ನೀರು ದೇಹದ ಮೂಲಕ ನಿಧಾನವಾಗಿ ನೆರವಾಗುತ್ತದೆ. ಬೀಡಿ, ಸಿಗರೇಟು, ತಂಬಾಕು ಬಿಡಬೇಕು. ರಾತ್ರಿ ತಡವಾಗಿ ಖಾರದ ಊಟ ಮಾಡಿ ಕೂಡಲೆ ಮಲಗುವವರಲ್ಲಿ ಹೊಟ್ಟೆಯ ಆಮ್ಲ ಮೇಲೇರಿ ಧ್ವನಿಪೆಟ್ಟಿಗೆಯನ್ನು ಕೆರಳಿಸಬಹುದು.

ಮೂರನೆಯದು ಅಭ್ಯಾಸ. ತುಟಿ ಮುಚ್ಚಿ ‘ಮ್’ ಎಂದು ಗುನುಗುವುದು, ಸಣ್ಣ ಕೊಳವೆಯ ಮೂಲಕ ನಾದ ಹೊರಡಿಸುವುದು ಇವು ಬಾಯ ದಾರಿಯನ್ನು ಕಿರಿದುಮಾಡಿ ಮಡಿಕೆಗಳ ಮೇಲಿನ ಹೊಡೆತವನ್ನು ತಗ್ಗಿಸುತ್ತವೆ. ಕಥೆ ಕೇಳುವಾಗ ನಾವು ಹಾಕುವ ‘ಹ್ಞೂಂ’ ಸಹಜ ಶ್ರುತಿಯನ್ನು ಕಂಡುಕೊಳ್ಳಲು ಒಳ್ಳೆಯ ಸಾಧನ. ತರಗತಿಯಲ್ಲಿ ಚಪ್ಪಾಳೆ, ಬಯಲಿನಲ್ಲಿ ಸೀಟಿ, ಸಾಧ್ಯವಾದರೆ ಸೊಂಟಕ್ಕೆ ಕಟ್ಟುವ ಧ್ವನಿವರ್ಧಕ, ಸೀಮೆಸುಣ್ಣ ಒರೆಸಲು ಒದ್ದೆ ಬಟ್ಟೆ: ಇವು ಅಲ್ಪವೆಚ್ಚದ ಉಪಾಯಗಳು.

ಒರಟುದನಿ ನಾಲ್ಕು ವಾರ ಕಳೆದರೂ ಹೋಗದಿದ್ದರೆ ಧ್ವನಿಪೆಟ್ಟಿಗೆಯ ಪರೀಕ್ಷೆ ಆಗಲೇಬೇಕು. ಉಸಿರಾಟದ ತೊಂದರೆ, ನುಂಗಲು ಕಷ್ಟ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ, ತಂಬಾಕಿನ ಚಟ ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಕೂಗಿದ ಕೂಡಲೆ ದನಿ ನಿಂತರೆ ಮೌನವಹಿಸಿ ಅಂದೇ ತಜ್ಞರನ್ನು ಕಾಣಬೇಕು. ಗಂಟುಗಳು ಬಹುಮಟ್ಟಿಗೆ ಧ್ವನಿಚಿಕಿತ್ಸೆಗೆ ಮಣಿಯುತ್ತವೆ ಎಂಬುದು ಧೈರ್ಯದ ಮಾತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸೆ ದೊರೆಯುತ್ತದೆ.

6. ಪರೀಕ್ಷೆಯ ಭಾಷೆ

ಚಿಕಿತ್ಸಾಲಯದ ಒಂದು ಸರಳ ಪರೀಕ್ಷೆಯಲ್ಲಿ ಅಘೋಷ ‘ಸ್’ ಮತ್ತು ಅದರ ಘೋಷರೂಪಗಳನ್ನು ಎಷ್ಟು ಹೊತ್ತು ಎಳೆಯಬಲ್ಲರೆಂದು ಅಳೆಯುತ್ತಾರೆ. ಎಕೆಲ್ ಮತ್ತು ಬೂನ್ 1981ರಲ್ಲಿ ತೋರಿಸಿದಂತೆ, ಅನುಪಾತವು 1.4ನ್ನು ಮೀರಿದರೆ ಮಡಿಕೆಗಳಲ್ಲಿ ದೋಷವಿರಬಹುದೆಂಬ ಸೂಚನೆ. ಆದರೆ ಆ ಘೋಷ ಊಷ್ಮವು ಕನ್ನಡದ ಸ್ವಂತ ಧ್ವನಿಮಾಗಳಲ್ಲಿ ಇಲ್ಲ. ಅದನ್ನು ‘ಜ’ ಎಂದು ಕೇಳಿಕೊಂಡವರು ಸ್ಪರ್ಶಘರ್ಷವನ್ನು ಎಳೆಯಲಾಗದೆ ಬೇಗ ನಿಲ್ಲಿಸುತ್ತಾರೆ, ಅನುಪಾತ ಏರುತ್ತದೆ, ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ. ಮನೆಯಲ್ಲಿ ದಖನಿ ಉರ್ದು ಆಡುವವರಿಗೆ ಈ ತೊಡಕಿಲ್ಲ. ಆದುದರಿಂದ ‘ಸ್’ಕಾರವನ್ನು ಎಳೆಯುತ್ತಲೇ ನಾದ ಕೂಡಿಸಲು ಮೊದಲು ಕಲಿಸಿ, ಅನಂತರ ಅಳೆಯಬೇಕು. ಬಹುಭಾಷಿಕ ಜಿಲ್ಲೆಯಲ್ಲಿ ಭಾಷಾವಿಜ್ಞಾನಿಯು ಚಿಕಿತ್ಸಕನಿಗೆ ನೆರವಾಗಬಹುದಾದ ಸ್ಥಳ ಇದು.

7. ಉಪಸಂಹಾರ

ಇನ್ನೂರು ಪದಗಳನ್ನು ಒಂದೊಂದು ವಾಕ್ಯದಲ್ಲಿಟ್ಟು ಐದೈದು ಬಾರಿ ಹೇಳಿಸಿದರೆ ಒಂದು ಸಾವಿರ ವಾಕ್ಯಗಳಾಗುತ್ತವೆ. ಬೆಳಗಿನಿಂದ ಹರಾಜು ಕೂಗಿ ಬಂದವರಿಂದ ಸಂಜೆ ಇಷ್ಟನ್ನು ಹೇಳಿಸುವುದು ಶಾಸ್ತ್ರಕ್ಕೂ ಹಿತವಲ್ಲ, ಮಾನವೀಯತೆಗೂ ಹಿತವಲ್ಲ. ಆದುದರಿಂದ ನಾವು ಮೂರು ಕ್ರಮಗಳನ್ನು ಸೂಚಿಸುತ್ತೇವೆ: ದನಿಯ ಸ್ಥಿತಿ, ಆ ದಿನದ ದುಡಿಮೆ ಮತ್ತು ತಂಬಾಕಿನ ಬಳಕೆಯನ್ನು ಕೇಳಿ ಸಾಮಗ್ರಿಯೊಂದಿಗೆ ದಾಖಲಿಸುವುದು; ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಮತ್ತು ವಿರಾಮ ಕೊಡುವುದು; ದನಿ ಒಡೆದಿದ್ದರೆ ಮುದ್ರಣವನ್ನು ಮುಂದೂಡಿ, ಪರೀಕ್ಷೆಯ ಅಗತ್ಯವನ್ನು ಅವರಿಗೆ ತಿಳಿಸುವುದು. ಮೂರನೆಯದನ್ನು ಪಾಲಿಸಿದರೆ ನಮ್ಮ ವೇಳಾಪಟ್ಟಿ ಕೆಡಬಹುದು. ಆದರೆ ನಮಗೆ ದನಿ ಅಧ್ಯಯನದ ಸಾಮಗ್ರಿ. ಅದನ್ನು ಕೊಡುವವರಿಗೆ ಅದು ನಾಳೆಯ ಅನ್ನ.