ಪೈಥಾನಿನ ನಿಘಂಟು

ಪೈಥಾನ್ ಎಂಬ ಗಣಕಭಾಷೆಯನ್ನು ಗೈಡೋ ವ್ಯಾನ್ ರೋಸಮ್ ಎಂಬ ಡಚ್ ಗೃಹಸ್ಥರು 1991ರಲ್ಲಿ ಲೋಕಕ್ಕೆ ಕೊಟ್ಟರು. ಅದರ ಆಕರ ಸಾಹಿತ್ಯ ಇಂದು ಒಂದು ಸಣ್ಣ ಗ್ರಂಥಭಂಡಾರದಷ್ಟಿದೆ. ಅದನ್ನು ಮೊದಲ ಪುಟದಿಂದ ಓದಲು ಕುಳಿತ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ಮೂರನೆಯ ದಿನಕ್ಕೆ ಅವರ ಉತ್ಸಾಹ ಬತ್ತಿರುತ್ತದೆ. ಕಿಟ್ಟೆಲ್ಲರ ನಿಘಂಟನ್ನು ಅಕಾರದಿಂದ ಓದುತ್ತ ಹೋಗಿ ಕನ್ನಡ ಕಲಿತವರುಂಟೆ?

ಅಲ್ಲಿರುವ ಗ್ರಂಥಗಳಲ್ಲಿ ಮುಖ್ಯವಾದುವು ಮೂರು. 'ಟ್ಯುಟೋರಿಯಲ್' ಬಾಲಬೋಧೆ, ಅದನ್ನು ಅನುಕ್ರಮವಾಗಿ ಓದಬಹುದು. 'ಲ್ಯಾಂಗ್ವೇಜ್ ರೆಫರೆನ್ಸ್' ವ್ಯಾಕರಣ. ಸಂದೇಹ ಹುಟ್ಟಿದಾಗ ತೆರೆಯತಕ್ಕದ್ದು. 'ಲೈಬ್ರರಿ ರೆಫರೆನ್ಸ್' ನಿಘಂಟು. ನಿತ್ಯದ ಕೆಲಸ ಬೀಳುವುದು ಇದರೊಡನೆ. ಆದರೆ ಇಲ್ಲಿ ಪದದ ಕುಲವನ್ನರಿತು ಹುಡುಕಬೇಕು. ಸ್ಟ್ರಿಂಗಿನ ಕ್ರಿಯೆಗಳು 'ಸ್ಟ್ರಿಂಗ್' ಎಂಬ ಅಧ್ಯಾಯದಲ್ಲಿಲ್ಲ, 'ಬಿಲ್ಟ್-ಇನ್ ಟೈಪ್ಸ್' ಎಂಬುದರಲ್ಲಿವೆ! ಚಿಹ್ನೆಗಳಿಗೂ ಅರ್ಥವುಂಟು: ನಕ್ಷತ್ರದ ಬಲಕ್ಕಿರುವುವನ್ನು ಹೆಸರು ಹೇಳಿಯೇ ಕೊಡಬೇಕು, ಓರೆಗೆರೆಯ ಎಡಕ್ಕಿರುವುವಕ್ಕೆ ಹೆಸರು ಹೇಳುವಂತಿಲ್ಲ.

ಊರಿನ ವಾಚನಾಲಯವೊಂದರ ಸದಸ್ಯರ ಪಟ್ಟಿಯನ್ನು ಗಣಕಕ್ಕೇರಿಸುತ್ತಿದ್ದ ತರುಣನೊಬ್ಬನು, ಹೆಸರಿನ ಮುಂದಿನ 'ಶ್ರೀ'ಯನ್ನು ತೆಗೆಯಲು 'ಎಲ್-ಸ್ಟ್ರಿಪ್' ಎಂಬ ಕ್ರಿಯೆಯನ್ನು ಬಳಸಿದ್ದನು. ಶ್ರೀ ಗೋವಿಂದಪ್ಪನವರು ಗೋವಿಂದಪ್ಪನವರೇ ಆದರು. ಆದರೆ ಶ್ರೀ ರಮೇಶರು 'ಮೇಶ'ರಾದರು. ಶ್ರೀ ಶ್ರೀನಿವಾಸರು ಬರಿಯ 'ನಿವಾಸ'ವಾದರು. ಕನ್ನಡಕ್ಕೂ ಗಣಕಕ್ಕೂ ಒಗ್ಗದೆಂದು ಅವನು ನನ್ನೊಡನೆ ಹಲುಬಿದನು. ಇಂಥ ನಿರಾಸೆಯಿಂದಲೇ ಎಷ್ಟೋ ಮಂದಿ ನಮ್ಮ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದು ಕೈತೊಳೆದುಕೊಳ್ಳುತ್ತಾರೆ.

ನಾವಿಬ್ಬರೂ ಆಕರದ ಪುಟವನ್ನು ತೆರೆದೆವು. ಈ ಕ್ರಿಯೆಗೆ ಕೊಡುವುದು ಪೂರ್ವಪದವಲ್ಲ, ಅಕ್ಷರಗಳ ಗುಂಪು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಶಕಾರ, ಒತ್ತಿನ ಚಿಹ್ನೆ, ರಕಾರ, ಈಕಾರದ ಚಿಹ್ನೆ, ಖಾಲಿ ಜಾಗ—ಇವುಗಳಲ್ಲಿ ಯಾವುದು ಎಡತುದಿಯಲ್ಲಿ ಕಂಡರೂ, ಬೇರೊಂದು ಅಕ್ಷರ ಅಡ್ಡಬರುವವರೆಗೆ, ಅದು ಕೆರೆದುಹಾಕುತ್ತ ಹೋಗುತ್ತದೆ. ಪೂರ್ವಪದವನ್ನೇ ತೆಗೆಯಬೇಕಾದರೆ 'ರಿಮೂವ್-ಪ್ರಿಫಿಕ್ಸ್' ನೋಡಿ ಎಂಬ ಸೂಚನೆಯೂ ಅಲ್ಲಿಯೇ ಇದೆ. ನೋಡಿದೆವು. ಅದು 2020ರಲ್ಲಿ ಹೊರಬಂದ 3.9ನೆಯ ಆವೃತ್ತಿಯಲ್ಲಿ ಸೇರಿದ್ದು. ವಾಚನಾಲಯದ ಹಳೆಯ ಗಣಕದಲ್ಲಿದ್ದುದು 3.8. ಪುಟದ ಕೆಳಗಿನ ಇಂಥ ಸಣ್ಣ ಟಿಪ್ಪಣಿಯನ್ನು ಹಾರಿಸಿ ಓದುವವರೇ ಹೆಚ್ಚು.

ಪುಟದ ಮೇಲ್ತುದಿಯಲ್ಲಿ ಆವೃತ್ತಿಯನ್ನು 3.8ಕ್ಕೆ ಬದಲಾಯಿಸಿಕೊಂಡು ಹುಡುಕಿದಾಗ 'ಸ್ಟಾರ್ಟ್ಸ್-ವಿತ್' ಸಿಕ್ಕಿತು. ಹೆಸರು 'ಶ್ರೀ' ಮತ್ತು ಖಾಲಿ ಜಾಗದಿಂದ ಆರಂಭವಾಗುತ್ತದೆಯೇ ಎಂದು ಕೇಳುವುದು. ಹೌದಾದರೆ ಮೊದಲ ಐದು ಸಂಕೇತಗಳನ್ನು ಬಿಟ್ಟು ಉಳಿದುದನ್ನು ಇಟ್ಟುಕೊಳ್ಳುವುದು. ರಮೇಶರೂ ಶ್ರೀನಿವಾಸರೂ ಇಡಿಯಾಗಿ ಮರಳಿ ಬಂದರು. 'ಶ್ರೀಮತಿ'ಯರ ಸಾಲು ಮಾತ್ರ ಮರುದಿನಕ್ಕೆ ಉಳಿಯಿತು.