ಸೈಕಲ್ಲಿನ ಅತಿಥಿಗಳು, ನೆರೆಮನೆಯ ದಣಪೆ

ಸಂಘದ ಕಾರ್ಯದರ್ಶಿಯಾದವನು ಅಡಿಕೆ ಧಾರಣೆ, ಮೈಲುತುತ್ತದ ದಾಸ್ತಾನು, ಮಹಾಸಭೆಯ ದಿನಾಂಕ ಇವುಗಳನ್ನು ಬಿಟ್ಟು ಸೈಕಲ್ ಸವಾರಿಯ ವಿಚಾರ ಬರೆಯಲು ಹೊರಟದ್ದು ಕೆಲವು ಸದಸ್ಯರಿಗೆ ವಿಚಿತ್ರವೆನಿಸಬಹುದು. ಆದರೆ ಪಟ್ಟಣದ ನೆಂಟರಿಷ್ಟರು ದಪ್ಪ ಚಕ್ರದ ಗುಡ್ಡದ ಸೈಕಲ್ಲುಗಳನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಬರುವುದು ಈಗ ನಮ್ಮ ಕಡೆಯೂ ಹೊಸದಲ್ಲ. ಬಂದವರು ಓಡಾಡುವುದು ಯಾರ ತೋಟದಲ್ಲಿ ಎಂಬುದು ನಮ್ಮೆಲ್ಲರಿಗೂ ಸಂಬಂಧಿಸಿದ ಪ್ರಶ್ನೆ.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ನನ್ನ ಅಕ್ಕನ ಮಗನೂ ಅವನ ಮೂವರು ಗೆಳೆಯರೂ ಹೀಗೆಯೇ ಬಂದಿದ್ದರು. ನಮ್ಮ ಕೆಳಗಿನ ತೋಟದ ನಡುವೆ ಹೋಗುವ ಕಾಲುದಾರಿ ಅವರ ಫೋನಿನ ನಕ್ಷೆಯಲ್ಲಿ ಊರ ರಸ್ತೆಯಂತೆಯೇ ಕಾಣುತ್ತಿತ್ತಂತೆ. ದಣಪೆಯ ಗಳ ಸರಿಸಿ ಒಳಗೆ ಹೋದವರು ಮತ್ತೆ ಹಾಕಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದನಗಳು ನುಗ್ಗಿ, ಆ ವರ್ಷವಷ್ಟೇ ನೆಟ್ಟಿದ್ದ ಅಡಿಕೆ ಸಸಿಗಳಲ್ಲಿ ಮೂವತ್ತೆರಡನ್ನು ತಿಂದು ತುಳಿದು ಹಾಕಿದ್ದವು. ತೋಟದ ಹಿರಿಯರು ಪರಿಹಾರ ಕೇಳಲಿಲ್ಲ. "ಸಸಿ ನೀವು ಕೊಟ್ಟೀರಿ ಮಾರಾಯ್ರೆ, ಅದನ್ನ ಬೆಳೆಸಿದ ಎರಡು ವರ್ಷ ಎಲ್ಲಿಂದ ತಂದುಕೊಡ್ತೀರಿ?" ಎಂದಷ್ಟೇ ಅಂದರು. ನನ್ನ ಸಸಿಮಡಿಯಿಂದ ಮೂವತ್ತೆರಡು ಸಸಿ ಒಯ್ದು ಕೊಟ್ಟೆ. ಆದರೂ ಒಂದು ವರ್ಷ ನಮ್ಮಿಬ್ಬರ ನಡುವೆ ನಮಸ್ಕಾರಕ್ಕಿಂತ ಹೆಚ್ಚಿನ ಮಾತು ಇರಲಿಲ್ಲ.

ಈಗ ದೀಪಾವಳಿ ಕಳೆದ ಮೇಲೆ ನನ್ನ ಕಾಲೇಜಿನ ಮೂವರು ಗೆಳೆಯರು ಒಂದು ವಾರದ ಸೈಕಲ್ ಸವಾರಿಗೆ ಬರುವವರಿದ್ದಾರೆ. ಎಲ್ಲರೂ ಐವತ್ತು ದಾಟಿದವರೇ. ಒಬ್ಬರು ಬ್ಯಾಂಕಿನವರು, ಒಬ್ಬರು ಅಧ್ಯಾಪಕರು, ಮೂರನೆಯವರು ಪುಣೆಯಲ್ಲಿ ಇಂಜಿನಿಯರು. ಇಂಜಿನಿಯರು ಕಳುಹಿಸಿದ ಮೊದಲ ಯೋಜನೆ ಹೀಗಿತ್ತು: ಡಿಸೆಂಬರ್ ಕೊನೆಯ ವಾರ, ಏಳು ದಿನ, ದಿನಕ್ಕೆ 50 ಕಿಲೋಮೀಟರು, ಕಾಡಿನ ಹಾದಿಗೆ ಆದ್ಯತೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಮಲೆನಾಡಿನಲ್ಲಿ ವಾರವನ್ನು ಗೊತ್ತು ಮಾಡುವುದು ಪಟ್ಟಣದ ರಜೆಯ ಪಟ್ಟಿಯಲ್ಲ, ತೋಟದ ಪಂಚಾಂಗ.

ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ನಡುಮಧ್ಯ. ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಕಣದ ತುಂಬ ಕಾಫಿ. ಅದು ಮುಗಿಯುವಾಗ ರೊಬಸ್ಟಾ. ಅದೂ ಮುಗಿದ ಮೇಲೆ ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆಯ ಕಾತರ, ಇಲ್ಲವೆ ನೀರು ಹಾರಿಸುವ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ.

ಇನ್ನೊಂದು ಕಾರಣ ಇವೆಲ್ಲಕ್ಕಿಂತ ಮುಖ್ಯವಾದುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಕಾಡಿನ ಉಣುಗಿನಿಂದ ಹರಡುತ್ತದೆ. ಮಳೆ ನಿಂತು ಕಾಡು ಒಣಗಿದಂತೆ ಇದರ ಕಾಟ ಏರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು. ಆ ಕಾಲದಲ್ಲಿ ತರಗೆಲೆ ತುಂಬಿದ ಕಾಡಿನ ಹಾದಿಗೆ ಅತಿಥಿಗಳನ್ನು ಕರೆದೊಯ್ಯುವುದು ಆತಿಥ್ಯವಲ್ಲ.

ಹೀಗೆ ತೂಗಿ ನೋಡಿದಾಗ ಉಳಿಯುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ಎರಡು ಮೂರು ವಾರ ಮಾತ್ರ. ಹಳ್ಳಗಳಲ್ಲಿ ನೀರಿರುತ್ತದೆ, ಗುಡ್ಡ ಹಸಿರಾಗಿರುತ್ತದೆ. ಹಿಂಗಾರಿನ ಒಂದೆರಡು ಮಳೆ ಬೀಳಬಹುದು. ಅದಕ್ಕಾಗಿ ಒಂದು ದಿನವನ್ನು ಖಾಲಿ ಬಿಟ್ಟಿದ್ದೇವೆ. ಏಳು ದಿನದ ಯೋಜನೆಯೆಂದರೆ ಆರು ದಿನದ ಸವಾರಿ ಎಂದೇ ಲೆಕ್ಕ ಹಾಕಬೇಕು.

ದೂರವನ್ನೂ ಇಳಿಸಿದೆವು. ನಮ್ಮ ಏರು ಇಳಿಜಾರಿನಲ್ಲಿ 30 ಕಿಲೋಮೀಟರೇ ಧಾರಾಳ. ಮೊದಲ ದಿನ ಎಲ್ಲಿಗೂ ಹೋಗುವುದಿಲ್ಲ. ಸೈಕಲ್ ಜೋಡಿಸಿ, ಬ್ರೇಕು ಪರೀಕ್ಷಿಸಿ, ನನ್ನ ತೋಟದ ಜೀಪುದಾರಿಯಲ್ಲೇ ಅಭ್ಯಾಸ. ಎರಡನೆಯ ದಿನ ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿ. ಮೂರನೆಯ ದಿನ ಕಿಗ್ಗ ಮತ್ತು ಸಿರಿಮನೆ ಜಲಪಾತ. ಮಳೆ ಬೇಕೆಂದು ಜನ ಮೊರೆಹೋಗುವ ಋಷ್ಯಶೃಂಗೇಶ್ವರನ ಎದುರು ನಿಂತು 'ನಾಲ್ಕು ದಿನ ತಡೆದು ಸುರಿಸು ಸ್ವಾಮಿ' ಎಂದು ನಾವು ಬೇಡಿಕೊಳ್ಳಬೇಕಾಗಿದೆ. ನಾಲ್ಕನೆಯ ದಿನ ವಿಶ್ರಾಂತಿ. ಐದನೆಯ ದಿನ ಆಗುಂಬೆ, ಆರನೆಯ ದಿನ ಮನೆಗೆ. ಆಗುಂಬೆ ಘಾಟಿಯನ್ನು ಇಳಿಯುವ ಆಸೆ ಗೆಳೆಯರಿಗಿತ್ತು. ಹದಿನಾಲ್ಕು ತಿರುವಿನ ಆ ಇಕ್ಕಟ್ಟಿನ ರಸ್ತೆಯಲ್ಲಿ ವಾಹನಗಳ ನಡುವೆ ಸೈಕಲ್ ಇಳಿಸುವುದು ಬೇಡವೆಂದು ನಾನು ಹಟ ಹಿಡಿದೆ. ಏಳನೆಯ ದಿನದ ವಿಚಾರ ಕೊನೆಯಲ್ಲಿ ಹೇಳುತ್ತೇನೆ.

ಕಿಗ್ಗದಿಂದ ನರಸಿಂಹ ಪರ್ವತಕ್ಕೆ ಹೋಗುವ ಹಾದಿಯನ್ನೂ ಕೈಬಿಟ್ಟೆವು. ಅದು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಲ್ಲಿ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಚಾರಣಕ್ಕೆ ಸಿಗುವ ಅನುಮತಿ ಸೈಕಲ್ಲಿಗೂ ಸಿಕ್ಕಿತೆಂದು ಯಾರೂ ಭಾವಿಸಬಾರದು.

ನಾವು ಬರೆದಿಟ್ಟುಕೊಂಡ ನಿಯಮಗಳು ಇವು. ಅತಿಥಿಗಳನ್ನು ಕರೆಸುವ ಸದಸ್ಯರಿಗೂ ಉಪಯೋಗಕ್ಕೆ ಬಂದಾವು. ಬೆಳಿಗ್ಗೆ ಏಳಕ್ಕೆ ಮೊದಲು, ಸಂಜೆ ಐದರ ನಂತರ ಸವಾರಿಯಿಲ್ಲ. ಆನೆ ಓಡಾಟದ ಸುದ್ದಿ ಇದ್ದರೆ ಆ ದಾರಿಯೇ ಬೇಡ. ಹೊರಡುವ ಮುನ್ನ ಮನೆಯಲ್ಲಿ ದಾರಿ ಬರೆದಿಟ್ಟು ಹೋಗುವುದು, ಏಕೆಂದರೆ ಫೋನು ಎಲ್ಲ ಕಡೆ ಸಿಗದು. ನೆರಳಿನ ಕಾಂಕ್ರೀಟು ರಸ್ತೆಯಲ್ಲಿ ಮಳೆಗಾಲದ ಪಾಚಿ ಇನ್ನೂ ಇರುತ್ತದೆ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದವರು ಬಿದ್ದೇ ಬೀಳುತ್ತಾರೆ. ಸಂಕ ಬಂದಲ್ಲಿ ಇಳಿದು ಸೈಕಲ್ ಹೊತ್ತು ದಾಟಬೇಕು. ತಲೆಗೆ ಹೆಲ್ಮೆಟ್ಟು, ಜೊತೆಗೆ ಎರಡು ಲೀಟರ್ ನೀರು, ಟ್ಯೂಬು, ಪಂಕ್ಚರ್ ಸಾಮಾನು ಕಡ್ಡಾಯ. ತುಂಬುತೋಳಿನ ಅಂಗಿ, ಉದ್ದ ಷರಾಯಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಮೈಮೇಲೆ ಉಣುಗು ಹುಡುಕುವುದು. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿನ ಕಡೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಲೇಬೇಕು.

ಎಲ್ಲಕ್ಕಿಂತ ಮೇಲಿನ ನಿಯಮ ಒಂದೇ. ಕೇಳದೆ ಯಾರ ತೋಟಕ್ಕೂ ನುಗ್ಗಬಾರದು, ತೆಗೆದ ದಣಪೆಯನ್ನು ಹಾಕದೆ ಹೋಗಬಾರದು.

ಈ ನಿಯಮ ಮೊದಲು ಅನ್ವಯಿಸುವುದು ನನಗೇ. ಆದ್ದರಿಂದ ಕಳೆದ ಭಾನುವಾರ ಕೆಳಗಿನ ತೋಟದ ಹಿರಿಯರ ಮನೆಗೆ ನಡೆದುಕೊಂಡು ಹೋದೆ. ಗೆಳೆಯರು ಬರುವ ವಿಚಾರ ಹೇಳಿ, ಅವರ ಕಾಲುದಾರಿಯಲ್ಲಿ ಹೋದರೆ ಮೂರು ಮೈಲಿ ಸುತ್ತು ತಪ್ಪುತ್ತದೆ, ಬೇಡವೆಂದರೆ ಸುತ್ತಿಕೊಂಡೇ ಹೋಗುತ್ತೇವೆ ಎಂದೆ. ಅವರು ಸ್ವಲ್ಪ ಹೊತ್ತು ಕವಳ ಅಗಿಯುತ್ತ ಕುಳಿತರು. ಆಮೇಲೆ "ಬನ್ನಿ, ತೋರಿಸ್ತೀನಿ" ಎಂದು ತೋಟಕ್ಕೆ ಕರೆದೊಯ್ದರು. ನಾನು ಕೊಟ್ಟ ಮೂವತ್ತೆರಡು ಸಸಿಗಳಲ್ಲಿ ಇಪ್ಪತ್ತೊಂಬತ್ತು ಬದುಕಿ ಎದೆಯೆತ್ತರ ಬಂದಿವೆ. "ಹೋಗ್ಲಿ ಬಿಡಿ. ದಣಪೆ ಹಾಕಿಕೊಂಡು ಹೋದ್ರೆ ನಂದೇನೂ ಅಭ್ಯಂತರವಿಲ್ಲ. ಆದ್ರೆ ಆ ವಾರ ನಮ್ಮಲ್ಲಿ ಮೊದಲ ಕೊನೆ ತೆಗೆಯೋದು. ಸುಲಿಯೋಕೆ ಜನ ಸಾಲದು" ಎಂದರು.

ಏಳನೆಯ ದಿನ ಅವರ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವುದೆಂದು ನಿಶ್ಚಯವಾಗಿದೆ. ಬ್ಯಾಂಕಿನವರಿಗೂ ಇಂಜಿನಿಯರಿಗೂ ಮೆಟ್ಟುಗತ್ತಿ ಹಿಡಿದು ಗೊತ್ತಿಲ್ಲ, ಬೆರಳು ಜೋಪಾನವೆಂದು ಈಗಲೇ ಬರೆದು ತಿಳಿಸಿದ್ದೇನೆ.

ಕೊಪ್ಪ, ಹರಿಹರಪುರ, ಕಿಗ್ಗದ ಕಡೆಯ ಸದಸ್ಯರಲ್ಲಿ ಒಂದು ವಿನಂತಿ. ಈ ದಾರಿಯಲ್ಲಿ ಸಂಕ ಮುರಿದಿದ್ದರೆ, ಧರೆ ಕುಸಿದಿದ್ದರೆ, ಅಥವಾ ನಿಮ್ಮ ತೋಟದ ಬದಿಯಲ್ಲಿ ನಾವು ಹಾಯುವುದು ಬೇಡವೆನಿಸಿದರೆ, ಸಂಕೋಚಪಡದೆ ಸಂಘದ ಕಚೇರಿಗೆ ಒಂದು ಮಾತು ತಿಳಿಸಿದರೆ ದೊಡ್ಡ ಉಪಕಾರವಾದೀತು.