ಕೆರಿಬಿಯನ್ ವಸಾಹತುಗಳ ಅಂಚೆಚೀಟಿಗಳು: ‘ಸ್ಪೆಸಿಮನ್’ ಹಾಗೂ ರದ್ದತಿ ಮುದ್ರೆಗಳು

ಅಂಚೆಚೀಟಿಗಳ ಸಂಗ್ರಹವನ್ನು ಬಾಲಕರ ವಿನೋದವೆಂದೆಣಿಸಿ ಇತಿಹಾಸದ ಅಭ್ಯಾಸಿಗಳು ಸಾಮಾನ್ಯವಾಗಿ ಅದರತ್ತ ಕಣ್ಣು ಹಾಯಿಸುವುದಿಲ್ಲ. ಆದರೆ ಚೀಟಿಯ ಬೆಲೆಯನ್ನು ಕಳೆಯುವುದಕ್ಕಾಗಿಯೇ ಅದರ ಮೇಲೆ ಒತ್ತಿದ ಅಕ್ಷರಗಳು ಎಷ್ಟೋ ವೇಳೆ ಚೀಟಿಗಿಂತ ಹೆಚ್ಚಿನ ಸಂಗತಿಯನ್ನು ತಿಳಿಸುತ್ತವೆ. ಬ್ರಿಟಿಷ್ ವೆಸ್ಟ್ ಇಂಡೀಸಿನ ಚೀಟಿಗಳು ಇದಕ್ಕೆ ತಕ್ಕ ನಿದರ್ಶನ.

ಪತ್ರಕ್ಕೆ ಅಂಟಿಸಿದ ಚೀಟಿಯು ಮರಳಿ ಬಳಕೆಯಾಗದಂತೆ ಅಂಚೆಕಚೇರಿಯು ಒತ್ತುವ ರದ್ದತಿ ಮುದ್ರೆ ಎಲ್ಲರಿಗೂ ಪರಿಚಿತವಾದುದೇ. 1858ರಿಂದ ಈ ದ್ವೀಪಗಳ ಹಲವು ಕಚೇರಿಗಳಲ್ಲಿ ಇಂಗ್ಲೆಂಡಿನ ಚೀಟಿಗಳೇ ಬಳಕೆಗೆ ಬಂದವು. ಒಂದೊಂದು ಕಚೇರಿಗೂ ಒಂದೊಂದು ಸಂಖ್ಯೆಯ ಮುದ್ರೆ ದೊರೆಯಿತು. ಜಮೈಕದ ಕಿಂಗ್‌ಸ್ಟನ್ನಿಗೆ ‘ಎ 01’, ಆಂಟಿಗುವಾಕ್ಕೆ ‘ಎ 02’, ಡೊಮಿನಿಕಕ್ಕೆ ‘ಎ 07’. ವಿಕ್ಟೋರಿಯಾ ರಾಣಿಯ ಮುಖವುಳ್ಳ ಬಿಡಿ ಚೀಟಿಯೊಂದು ಲಂಡನ್ನಿನಲ್ಲಿ ಸಂದಿತೋ ಕಿಂಗ್‌ಸ್ಟನ್ನಿನಲ್ಲಿ ಸಂದಿತೋ ಎಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ. 1860ರಲ್ಲಿ ಅಂಚೆಯ ಆಡಳಿತವು ವಸಾಹತುಗಳಿಗೆ ವರ್ಗವಾಯಿತು. ಮುಂದೆ ದ್ವೀಪಗಳ ಸ್ವಂತ ಚೀಟಿಗಳ ಮೇಲೂ ಅವೇ ಸಂಖ್ಯೆಗಳು ಕಾಣುತ್ತವೆ.

ಮಾದರಿ ಪ್ರತಿಗಳ ವಿಷಯ ಬೇರೆ. 1861ರಲ್ಲಿ ಆರ್ಮಂಡ್ ಹಿಲ್ ಎಂಬ ಅಧಿಕಾರಿಯು ಮಿತ್ರರಿಗಾಗಿ ಕೇಳಿದನೆಂದು ಪರ್ಕಿನ್ಸ್ ಬೇಕನ್ ಮುದ್ರಣಸಂಸ್ಥೆಯು ಬಾರ್ಬಡೋಸ್, ಟ್ರಿನಿಡಾಡ್, ಸೇಂಟ್ ಲೂಸಿಯ ಮೊದಲಾದ ವಸಾಹತುಗಳ ಚೀಟಿಗಳನ್ನು ‘ಕ್ಯಾನ್ಸಲ್ಡ್’ ಎಂಬ ಮುದ್ರೆಯೊತ್ತಿ ಕೊಟ್ಟಿತು. ಒಂದೊಂದರಲ್ಲಿಯೂ ಆರಾರು ಪ್ರತಿ! ಈ ಔದಾರ್ಯವು ವಸಾಹತುಗಳ ಪ್ರತಿನಿಧಿಗಳನ್ನು ಕೆರಳಿಸಿತು. ಮರುವರ್ಷ ಆ ಕೆಲಸ ಡಿ ಲಾ ರೂ ಸಂಸ್ಥೆಯ ಪಾಲಾಯಿತು.

ಇದು ಖಾಸಗಿ ಉಪಕಾರದ ಮಾತಾಯಿತು. 1874ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಅಂಚೆ ಒಕ್ಕೂಟವು ಹೊಸ ಚೀಟಿಗಳ ಮಾದರಿಗಳನ್ನು ಬರ್ನ್ ನಗರದ ತನ್ನ ಕಚೇರಿಯ ಮೂಲಕ ಸದಸ್ಯದೇಶಗಳಿಗೆ ಹಂಚುವ ಪದ್ಧತಿಯನ್ನು ಆರಂಭಿಸಿದ ಮೇಲೆ ‘ಸ್ಪೆಸಿಮನ್’ ಎಂಬ ಪದಕ್ಕೆ ಅಧಿಕೃತ ಸ್ಥಾನ ಲಭಿಸಿತು. ಮೊದಲು ಅದನ್ನು ಚೀಟಿಯ ಮೇಲೆ ಅಚ್ಚೊತ್ತುತ್ತಿದ್ದರು. 1928ರ ಸುಮಾರಿನಿಂದ ರಂಧ್ರಗಳಲ್ಲಿ ಕೊರೆಯತೊಡಗಿದರು. ವಸಾಹತುಗಳ ಮಟ್ಟಿಗೆ ಈ ಪದ್ಧತಿ 1948ರಲ್ಲಿ ನಿಂತಿತು.

ಈ ಮುದ್ರೆಯ ಚಾರಿತ್ರಿಕ ಮಹತ್ತ್ವವನ್ನು ಜಮೈಕದ ಆರು ಪೆನ್ಸಿನ ಒಂದು ಚೀಟಿಯಲ್ಲಿ ಕಾಣಬಹುದು. 1919ರಿಂದ ಆ ದ್ವೀಪವು ಸಚಿತ್ರ ಚೀಟಿಗಳ ಮಾಲೆಯೊಂದನ್ನು ಹೊರಡಿಸಿತು. ಕೊಲಂಬಸನು ತೀರಕ್ಕಿಳಿದುದು, ಮಹಾಯುದ್ಧಕ್ಕೆ ದಂಡು ಹೊರಟುದು, ರಾಣಿಯ ಪ್ರತಿಮೆ, ನೌಕಾಧಿಪತಿ ರಾಡ್ನಿಯ ಸ್ಮಾರಕ ಇವೆಲ್ಲಕ್ಕೂ ಅದರಲ್ಲಿ ಎಡೆಯಿತ್ತು. 1921ರಲ್ಲಿ ಸಿದ್ಧವಾದ ಆರು ಪೆನ್ಸಿನ ಚೀಟಿಯ ವಿಷಯ ಗುಲಾಮಗಿರಿಯ ನಿರ್ಮೂಲನ: ವಿಮೋಚನೆಯ ಘೋಷಣೆಯನ್ನು ಜನರೆದುರು ಓದುವ ದೃಶ್ಯ. ಗುಲಾಮಗಿರಿಯನ್ನು ರದ್ದುಪಡಿಸಿದ ಶಾಸನವು 1834ರಲ್ಲಿ ಜಾರಿಗೆ ಬಂದರೂ, ‘ಶಿಕ್ಷಾರ್ಥಿ’ಗಳೆಂಬ ಹೆಸರಿನಲ್ಲಿ ಮುಂದುವರಿದ ಬಲವಂತದ ದುಡಿಮೆ ಕೊನೆಗೊಂಡುದು 1838ರ ಆಗಸ್ಟ್ 1ರಂದು. ದ್ವೀಪದ ಬಹುಸಂಖ್ಯಾತರ ಪೂರ್ವಿಕರು ಬಿಡುಗಡೆ ಹೊಂದಿದ ಆ ಘಟನೆಗೆ ಚೀಟಿಯ ಮೇಲೆ ಸ್ಥಾನ ದಕ್ಕಲಿಲ್ಲ. ರಾಜಕೀಯ ಕಾರಣಗಳಿಗಾಗಿ ಅದನ್ನು ಮಾರಾಟಕ್ಕೆ ಬಿಡದೆ ದಾಸ್ತಾನನ್ನು ನಾಶಪಡಿಸಿದರು. ಆಳುವವರಿಗೆ ಆ ನೆನಪು ಇನ್ನೂ ಬಿಸಿಯಾಗಿಯೇ ತೋರಿರಬೇಕು. ಇಂದು ಸಂಗ್ರಾಹಕರ ಕೈಯಲ್ಲಿರುವುದು ಬಹುಮಟ್ಟಿಗೆ ‘ಸ್ಪೆಸಿಮನ್’ ಮುದ್ರೆ ಹೊತ್ತ ವಿರಳ ಪ್ರತಿಗಳು ಮಾತ್ರ. 1922ರಲ್ಲಿ ಅದೇ ಬೆಲೆಯ ಬೇರೊಂದು ಚೀಟಿ ಹೊರಬಂದಿತು. ಅದರ ಮೇಲಿದ್ದುದು 1853ರ ಪೋರ್ಟ್ ರಾಯಲ್ ಬಂದರಿನ ನೋಟ.